ದಬ್ಬಳ ಕೆಳಗಿಟ್ಟ ಮಂಟಯ್ಯನವರು

ಜಯಲಕ್ಷ್ಮಿಪುರಂನಲ್ಲಿ ಬೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಮಂಟಯ್ಯನವರು ನಲವತ್ತೊಂದು ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪಿಎಚ್.ಡಿ. ಪ್ರಬಂಧಗಳನ್ನು ಹೊಲಿದಿದ್ದಾರೆ. ಒಂದನ್ನೂ ಪೂರ್ತಿ ಓದಿಲ್ಲ. ಅದೇನು ದೊಡ್ಡ ಅಪರಾಧವಲ್ಲ, ಬರೆದವರಲ್ಲೇ ಅರ್ಧ ಜನ ಪೂರ್ತಿ ಓದಿರುವುದಿಲ್ಲ. ಆದರೆ ಮಂಟಯ್ಯನವರಿಗೆ ಅವರದೇ ಆದ ಒಂದು ಓದು ಇದೆ. ಹೊಲಿಯುವ ಮೊದಲು ಹಾಳೆಗಳು ಸಾಲಾಗಿವೆಯೇ ಎಂದು ನೋಡಬೇಕಲ್ಲ, ಅದಕ್ಕೆ ಅವರು ಪುಟಸಂಖ್ಯೆಯನ್ನು ನಂಬುವುದಿಲ್ಲ. ಡಾಕ್ಟರೇಟ್ ಮಾಡುವವರಿಗೆ ಎಣಿಸಲು ಬರುವುದಿಲ್ಲ ಎಂಬುದು ಅವರ ಅನುಭವ. ಹಾಗಾಗಿ ಒಂದು ಪುಟದ ಕೊನೆಯ ಸಾಲು ಓದುತ್ತಾರೆ, ಮುಂದಿನ ಪುಟದ ಮೊದಲ ಸಾಲು ಓದುತ್ತಾರೆ, ಎರಡೂ ಕೂಡಿಕೊಂಡರೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ.

ಹೀಗಾಗಿ ಅವರ ವಿದ್ಯೆಯೆಲ್ಲ ಪುಟಗಳ ಅಂಚಿನ ವಿದ್ಯೆ. ರೇಷ್ಮೆ ಹುಳುವಿಗೆ ಯಾವ ಯಾವ ರೋಗ ಬರುತ್ತದೆ ಎಂದು ಹೇಳುತ್ತಾರೆ, ಔಷಧ ಕೇಳಿದರೆ ಗೊತ್ತಿಲ್ಲ. ಔಷಧ ಪುಟದ ನಡುವೆ ಇತ್ತು. ಗಂಗರ ಕಾಲದ ಒಬ್ಬ ರಾಜ ಸೈನ್ಯ ತೆಗೆದುಕೊಂಡು ಹೊರಟದ್ದು ಗೊತ್ತು, ಮುಟ್ಟಿದನೋ ಇಲ್ಲವೋ ಗೊತ್ತಿಲ್ಲ. ಆದರೂ ಆ ರಾಜನ ಬಗ್ಗೆ ಅವರು ಮಾತಾಡುವ ಧೈರ್ಯ ನೋಡಿದರೆ ಇತಿಹಾಸದ ಪ್ರಾಧ್ಯಾಪಕರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ತಿ. ನರಸೀಪುರದ ಕಡೆಯವರು. ಹದಿನೇಳನೇ ವಯಸ್ಸಿಗೆ ಮೈಸೂರಿಗೆ ಬಂದು ಒಂದು ಮುದ್ರಣಾಲಯದಲ್ಲಿ ಕಾಗದ ಮಡಿಸುವ ಕೆಲಸಕ್ಕೆ ಸೇರಿದವರು, ದಬ್ಬಳ ಹಿಡಿದ ಮೇಲೆ ಬಿಡಲಿಲ್ಲ. ನೂಲಿನಷ್ಟು ಸೊಟ್ಟ ಬಂದರೂ ಬಿಚ್ಚಿ ಮತ್ತೆ ಹೊಲಿಯುವ ಮನುಷ್ಯ. ಒಮ್ಮೆ ಒಬ್ಬ ಸಂಶೋಧಕಿ ಪ್ರಬಂಧ ತೆಗೆದುಕೊಂಡು ಆಟೋ ಹತ್ತಿದ ಮೇಲೆ, ಬೆನ್ನಿನ ಪಟ್ಟಿ ಓರೆಯಾಗಿದೆ ಎಂದು ಅನುಮಾನ ಬಂದು, ಓಡಿಹೋಗಿ ಆಟೋ ನಿಲ್ಲಿಸಿ ಪುಸ್ತಕ ಕಿತ್ತುಕೊಂಡು ಬಂದಿದ್ದರು. ಮನೆಯಲ್ಲೂ ಅದೇ ಹುಚ್ಚು. ನೆಂಟರ ಲಗ್ನಪತ್ರಿಕೆಗಳನ್ನೆಲ್ಲ ಕೂಡಿಸಿ ಕೆಂಪು ರೆಕ್ಸಿನ್ ಹಾಕಿ ಚಿನ್ನದ ಅಕ್ಷರ ಒತ್ತಿಟ್ಟಿದ್ದಾರೆ. ಈಗ ಹನ್ನೊಂದನೇ ಸಂಪುಟ ನಡೆಯುತ್ತಿದೆ. ಅವರ ಹೆಂಡತಿ ತಿಮ್ಮಮ್ಮನವರು ಯಾರ ಮದುವೆ ಯಾವಾಗ ಆಯಿತು ಎಂದು ಜಗಳ ಬಂದಾಗ ಸಂಪುಟ ತೆಗೆದು ತೋರಿಸುತ್ತಾರೆ.

ನಾನು ಪ್ರಸನ್ನ. ರಾಮಕೃಷ್ಣನಗರದಲ್ಲಿ ಮನೆ, ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗಿ ಎನ್ನಿಸಿಕೊಳ್ಳುವವನು. ಸಿಟ್ಟು ಬೇಗ ಬರುತ್ತದೆ, ಹೋಗುವುದು ತಡ. ಏಳೂವರೆ ವರ್ಷ ಕೂತು ಒಂದು ಪ್ರಬಂಧ ಬರೆದೆ. ದೇಶ ದೇಶಗಳು ಯಾಕೆ ಯುದ್ಧಕ್ಕೆ ಇಳಿಯುತ್ತವೆ, ಬೇಡ ಬೇಡ ಅಂತಲೇ ಯಾಕೆ ಬಾಂಬು ಪೇರಿಸಿಕೊಳ್ಳುತ್ತವೆ, ಒಪ್ಪಂದ ಮಾಡಿಕೊಂಡು ಯಾಕೆ ಮುರಿಯುತ್ತವೆ, ಇದನ್ನೆಲ್ಲ ಗೇಮ್ ಥಿಯರಿ ಎಂಬ ಲೆಕ್ಕಾಚಾರದಿಂದ ಹೇಳುವ ಪ್ರಬಂಧ. ಎದುರಿನವನು ಏನು ಮಾಡುತ್ತಾನೆ ಎಂದು ನಾನು ಯೋಚಿಸುತ್ತೇನೆ, ನಾನು ಏನು ಯೋಚಿಸುತ್ತೇನೆ ಎಂದು ಅವನು ಯೋಚಿಸುತ್ತಾನೆ, ಹೀಗೆ ಯೋಚಿಸಿ ಯೋಚಿಸಿ ಇಬ್ಬರೂ ಹಾಳಾಗುವುದು ಹೇಗೆ ಎಂಬುದೇ ಆ ಶಾಸ್ತ್ರದ ಸಾರ. ಮುನ್ನೂರ ಹನ್ನೆರಡು ಪುಟ.

ಅದನ್ನು ಟೈಪ್ ಮಾಡಿದವರು ಮಂಟಯ್ಯನವರ ಪಕ್ಕದ ಅಂಗಡಿಯ ಇಂದ್ರಮ್ಮನವರು. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ಗೋಡೆ ಒಂದು, ಮುಂದಿನ ಜಗಲಿ ಒಂದು. ಇಂದ್ರಮ್ಮನವರು ಟೈಪ್ ಮಾಡಿ ಪ್ರಿಂಟ್ ತೆಗೆದು, ಬಾಗಿಲಲ್ಲಿ ನಿಂತು, "ಮಂಟಯ್ಯನೋರೇ, ಬಂತು ನೋಡಿ" ಎನ್ನುತ್ತಿದ್ದರು. ಮಂಟಯ್ಯನವರು ಬಂದು ಕಂತೆಯನ್ನು ಎರಡು ಕೈಯಲ್ಲಿ ತೂಗಿ, "ಒಳ್ಳೆ ತೂಕ ಐತೆ, ಪಾಸಾಗ್ತಾನೆ" ಎಂದೋ, "ತೆಳ್ಳಗೈತೆ, ಕಷ್ಟ" ಎಂದೋ ತೀರ್ಪು ಕೊಟ್ಟು ಒಳಗೆ ಒಯ್ಯುತ್ತಿದ್ದರು. ಮೈಸೂರಿನ ಎಷ್ಟೋ ಡಾಕ್ಟರುಗಳು ಆ ಜಗಲಿಯ ಮೇಲಿಂದ ಹಾದುಹೋದವರು.

ಆ ಜಗಲಿಯ ಮೇಲೇ ಕಳೆದ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಇಂದ್ರಮ್ಮನವರು ಕಾಯುವ ವಿದ್ಯಾರ್ಥಿಗಳಿಗೆಂದು ಒಂದು ಬೆಂಚು ತಂದು ಹಾಕಿದರು. ಬೆಂಚು ಜಗಲಿಯ ಅರ್ಧಕ್ಕಿಂತ ನಾಲ್ಕು ಬೆರಳು ಆಚೆ ಹೋಯಿತು. ಆಚೆ ಎಂದರೆ ಮಂಟಯ್ಯನವರು ಅಂಟು ಹಾಕಿದ ಪುಸ್ತಕಗಳನ್ನು ಎಳೆಬಿಸಿಲಿಗೆ ಇಡುವ ಜಾಗ. ಅವರು ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದರು. ಬೆಳಿಗ್ಗೆ ಇಂದ್ರಮ್ಮ ಜಗಲಿ ಒರೆಸಿದಾಗ ಗೆರೆ ಹೋಯಿತು. ಅವರು ಬಿಳಿ ಪೇಂಟು ತಂದು ಎಳೆದರು. ಇಂದ್ರಮ್ಮ ಗೆರೆಯ ಈಚೆಗೆ ರಂಗೋಲಿ ಹಾಕಿದರು. ರಂಗೋಲಿಯ ಒಂದು ಎಸಳು ಗಡಿ ದಾಟಿತ್ತು. ಇಂದ್ರಮ್ಮ ಫೋನಿನಲ್ಲಿ ಮಾತಾಡುವಾಗ ಮಂಟಯ್ಯನವರು ಸುತ್ತಿಗೆಯಲ್ಲಿ ರಟ್ಟು ಬಡಿಯತೊಡಗಿದರು. ಇವರು ಹಾಳೆ ಜೋಡಿಸುವಾಗ ಅವರು ರೇಡಿಯೋದಲ್ಲಿ ಕೃಷಿ ಕಾರ್ಯಕ್ರಮವನ್ನು ರಸ್ತೆಗೆಲ್ಲ ಕೇಳಿಸಿದರು. ಇವರು ದೊಡ್ಡ ಸುತ್ತಿಗೆ ತಂದರು, ಅವರು ಇನ್ನೊಂದು ಸ್ಪೀಕರ್ ತಂದರು. ಮಾತು ಪೂರಾ ನಿಂತಿತು.

ಇಲ್ಲಿ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನನಗೆ ಇದು ಬಹಳ ಖುಷಿ ಕೊಟ್ಟಿತು. ಏಳು ವರ್ಷ ಪುಸ್ತಕದಲ್ಲಿ ಓದಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು. ಕಾಫಿ ಕುಡಿಯುತ್ತಾ ಇಬ್ಬರಿಗೂ ಬೇರೆ ಬೇರೆಯಾಗಿ ಸಿದ್ಧಾಂತ ವಿವರಿಸಿದೆ. ಬೆಂಕಿಗೆ ತುಪ್ಪ ಸುರಿದೆ ಎಂದು ಆಗ ಹೊಳೆಯಲಿಲ್ಲ. ಅವರಿಗೂ ನನ್ನ ಪ್ರಬಂಧ ಗೊತ್ತಿತ್ತು, ಆದರೆ ತಮ್ಮ ತಮ್ಮ ಕೆಲಸದ ರೀತಿಯಲ್ಲಿ ಮಾತ್ರ ಗೊತ್ತಿತ್ತು. ನನ್ನ ಮಾರ್ಗದರ್ಶಕರಾದ ವಾಗೀಶ ಸರ್ ಯುದ್ಧದ ಬೆದರಿಕೆಗಳ ಬಗೆಗಿನ ಐದನೇ ಅಧ್ಯಾಯವನ್ನು ಐದು ಸಲ ತಿರುಗಿಸಿ ಕಳಿಸಿದ್ದರು. ಐದು ಸಲವೂ ಟೈಪ್ ಮಾಡಿದ ಇಂದ್ರಮ್ಮನವರಿಗೆ ಅದು ಬಾಯಿಪಾಠವಾಗಿತ್ತು. ಶಾಂತಿ ಹೇಗೆ ಬರುತ್ತದೆ ಎಂಬ ಆರನೇ ಅಧ್ಯಾಯವನ್ನು ಸರ್ ಯಾವುದೋ ಮದುವೆಗೆ ಹೊರಡುವ ಅವಸರದಲ್ಲಿ ಒಂದೇ ಸಲಕ್ಕೆ ಒಪ್ಪಿಬಿಟ್ಟರು. ಇಂದ್ರಮ್ಮ ಅದನ್ನು ರೇಡಿಯೋ ನಾಟಕ ಕೇಳುತ್ತಾ ಒಂದೇ ಮಧ್ಯಾಹ್ನ ಕುಟ್ಟಿ ಮುಗಿಸಿದ್ದರು, ಅದರ ಒಂದಕ್ಷರವೂ ಅವರ ತಲೆಯಲ್ಲಿ ನಿಂತಿರಲಿಲ್ಲ.

ಮಂಟಯ್ಯನವರು ಕರಡು ಪ್ರತಿಗೆ ಸ್ಪೈರಲ್ ಹಾಕುವಾಗ ಅಂಚುಗಳನ್ನು ಓದಿದ್ದರು. ಐದನೇ ಅಧ್ಯಾಯದಲ್ಲಿ ಎರಡು ಲಾರಿಗಳ ಆಟ ಬರುತ್ತದೆ. ಒಂದೇ ದಾರಿಯಲ್ಲಿ ಎದುರುಬದುರು ಎರಡು ಲಾರಿ ನುಗ್ಗಿ ಬರುತ್ತಿವೆ, ಯಾರು ಮೊದಲು ಪಕ್ಕಕ್ಕೆ ತಿರುಗಿಸುತ್ತಾನೋ ಅವನು ಸೋತ. ನೂರ ನಲವತ್ಮೂರನೇ ಪುಟದ ಕೊನೆಯ ಸಾಲು: "ಇಂಥ ಆಟದಲ್ಲಿ ತನ್ನ ಸ್ಟೀರಿಂಗನ್ನೇ ಕಿತ್ತು ಹೊರಗೆ ಎಸೆದವನು". ಮುಂದಿನ ಪುಟದ ಮೊದಲ ಸಾಲು: "ಗೆಲ್ಲುತ್ತಾನೆ, ಏಕೆಂದರೆ ಇವನಿಂದ ಇನ್ನು ತಿರುಗಿಸಲು ಆಗದು ಎಂದು ಎದುರಿನವನಿಗೆ ಗೊತ್ತಾಗುತ್ತದೆ." ಎರಡೂ ಚೆನ್ನಾಗಿ ಕೂಡಿಕೊಂಡವು. ಮಂಟಯ್ಯನವರು ತಲೆಯಾಡಿಸಿ ಮುಂದಕ್ಕೆ ಹೋಗಿದ್ದರು.

ಸೆಪ್ಟೆಂಬರ್ ಬಂತು. ನನ್ನ ನೋಂದಣಿಯ ಅವಧಿ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮಂಗಳವಾರದಿಂದ ಕಚೇರಿಗೆ ದಸರಾ ರಜೆ. ಅಂದರೆ ಸೋಮವಾರ ಸಂಜೆ ನಾಲ್ಕು ಗಂಟೆಯೊಳಗೆ ನಾಲ್ಕು ಪ್ರತಿ ಕೊಡದಿದ್ದರೆ ಏಳೂವರೆ ವರ್ಷ ನೀರಿಗೆ ಹೋದಂತೆ. ಮತ್ತೆ ನೋಂದಣಿ, ಮತ್ತೆ ಮೊದಲಿಂದ. ನಮ್ಮಮ್ಮ ಆಗಲೇ ಬೀದಿಯವರ ಹತ್ತಿರವೆಲ್ಲ ನನ್ನನ್ನು ಡಾಕ್ಟರ್ ಎಂದು ಕರೆಸುತ್ತಿದ್ದರು, ಒಬ್ಬರು ಮಂಡಿನೋವಿಗೆ ಮಾತ್ರೆಯನ್ನೂ ಕೇಳಿಕೊಂಡು ಬಂದಿದ್ದರು.

ಪ್ರಬಂಧದ ಹೊಟ್ಟೆ ಇಂದ್ರಮ್ಮನವರ ಹಳೆಯ ಕಂಪ್ಯೂಟರಿನಲ್ಲಿತ್ತು. ಅದರ ಅಕ್ಷರ ಬೇರೆ ಯಾವ ಕಂಪ್ಯೂಟರಿಗೆ ಹಾಕಿದರೂ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಪ್ರಬಂಧದ ಚರ್ಮ, ಅಂದರೆ ನೀಲಿ ರೆಕ್ಸಿನ್ನಿನ ಮೇಲೆ ಚಿನ್ನದ ಅಕ್ಷರ ಒತ್ತಿದ ನಾಲ್ಕು ರಟ್ಟು, ಮಂಟಯ್ಯನವರ ಬೀರುವಿನಲ್ಲಿತ್ತು. ಶನಿವಾರ ಬೆಳಿಗ್ಗೆ ಪ್ರಿಂಟ್ ತೆಗೆದು ಸಂಜೆಗೆ ಹೊಲಿಗೆಗೆ ಕೂರುವುದು ಎಂದು ಮಾತಾಗಿತ್ತು.

ಶನಿವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದರೆ ರಸ್ತೆಯ ಮೇಲೆ ಏನೋ ಜಾರಿತು. ನಾನು ಒಂದು ಕಡೆ, ಸ್ಕೂಟರ್ ಒಂದು ಕಡೆ. ಎದ್ದು ನೋಡಿದರೆ ಬೂದುಗುಂಬಳಕಾಯಿ. ಒಂದಲ್ಲ, ಎರಡು. ಒಂದು ಮಂಟಯ್ಯನವರ ಬಾಗಿಲ ಮುಂದೆ ಒಡೆದದ್ದು, ಇನ್ನೊಂದು ಇಂದ್ರಮ್ಮನವರ ಬಾಗಿಲ ಮುಂದೆ ಒಡೆದದ್ದು. ಒಳಗೆ ದಬ್ಬಳ, ಸುತ್ತಿಗೆ, ಕತ್ತರಿ, ಕಟಿಂಗ್ ಮಿಷನ್ ಎಲ್ಲಕ್ಕೂ ಅರಿಶಿನ ಕುಂಕುಮ, ಚೆಂಡುಹೂವು. ಪಕ್ಕದಲ್ಲಿ ಕೀಬೋರ್ಡಿಗೆ ಕುಂಕುಮ, ಮೌಸಿಗೆ ಸೇವಂತಿಗೆ, ಪ್ರಿಂಟರಿನ ಬಾಯಿಗೆ ನಿಂಬೆಹಣ್ಣು.

"ಮಂಟಯ್ಯನೋರೇ, ಆಯುಧಪೂಜೆ ಬುಧವಾರ" ಎಂದೆ.

"ಗೊತ್ತು ಸಾ. ಈ ಸಲ ಬೇಗ ಮಾಡ್ಬುಟ್ಟೆ. ಇನ್ನು ವಿಜಯದಶಮಿ ಕಳೆಯೋ ತನಕ ದಬ್ಬಳ ಮುಟ್ಟಂಗಿಲ್ಲ." ಅವರು ದನಿ ತಗ್ಗಿಸಿದರು. "ಸ್ಟೀರಿಂಗ್ ಕಿತ್ತು ಎಸ್ದ್ಬುಟ್ಟೆ ಸಾ. ಇನ್ನು ಆಯಮ್ಮನೇ ದಾರಿಗೆ ಬರ್ಬೇಕು. ಬೆಂಚು ನಾಲ್ಕು ಬೆರಳು ಹಿಂದಕ್ಕೆ ತಕ್ಕೊಂಡು, ಬಂದು ಒಂದು ಮಾತು ಹೇಳ್ಲಿ, ಆಮೇಲೆ ನೋಡುವಾ."

ಪಕ್ಕಕ್ಕೆ ಓಡಿದೆ. ಇಂದ್ರಮ್ಮನವರು ಕಡ್ಲೆಪುರಿ ಪೊಟ್ಟಣ ಕಟ್ಟುತ್ತಾ ಕೂತಿದ್ದರು. "ಅಧ್ಯಾಯ ಐದು, ಭಾಗ ಮೂರು" ಎಂದರು ನನ್ನ ಮುಖ ನೋಡಿ. "ಕೈ ಕಟ್ಟಿಕೊಂಡವರ ಮಾತಿಗೆ ತೂಕ ಜಾಸ್ತಿ. ನೀನೇ ಬರೆದಿದ್ದಲ್ವೇನಪ್ಪ? ಆ ಬಿಳಿ ಗೆರೆ ಅಳಿಸಿ ಅವರೇ ಬಂದು ಕರೆಯೋ ತನಕ ನಾನು ಈ ಕಂಪ್ಯೂಟರ್ ಮುಟ್ಟಲ್ಲ. ಮುಟ್ಟೋ ಹಾಗೂ ಇಲ್ಲ, ಪೂಜೆ ಆಗೋಯ್ತು."

ಇಬ್ಬರೂ ಒಂದೇ ಬೆಳಿಗ್ಗೆ, ಗೋಡೆಯ ಆಚೆ ಒಬ್ಬರು ಈಚೆ ಒಬ್ಬರು, ಒಬ್ಬರಿಗೊಬ್ಬರು ಹೇಳದೆ ಮಂಗಳಾರತಿ ಎತ್ತಿದ್ದರು. ಎರಡು ಲಾರಿ, ಎರಡೂ ಸ್ಟೀರಿಂಗ್ ರಸ್ತೆಯಲ್ಲಿ. ಲಾರಿಯೊಳಗಿನ ಸರಕು ನಾನು.

ಮಂಟಯ್ಯನವರ ಹತ್ತಿರ ವಾಪಸು ಬಂದು, "ಇಬ್ಬರೂ ಎಸೆದರೆ ಏನಾಗುತ್ತೆ ಅಂತ ಅದೇ ಪುಟದಲ್ಲಿ ಬರೆದಿದ್ದೀನಲ್ರೀ, ನಡುವೆ, ದಪ್ಪ ಅಕ್ಷರದಲ್ಲಿ" ಎಂದೆ.

"ನಡುವೆ ನಾನು ಓದಲ್ಲ ಸಾ" ಎಂದು ಅವರೂ ಒಂದು ಕಡ್ಲೆಪುರಿ ಪೊಟ್ಟಣ ಕೊಟ್ಟರು. ಎರಡೂ ಪೊಟ್ಟಣವನ್ನು ಸಿಟ್ಟಿನಲ್ಲಿ ಅಲ್ಲೇ ನಿಂತು ತಿಂದೆ.

ಕಂಪ್ಯೂಟರನ್ನು ನಾನೇ ಮುಟ್ಟುತ್ತೇನೆ ಎಂದೆ. ಪೂಜೆಗೆ ಇಟ್ಟದ್ದನ್ನು ಗಿರಾಕಿ ಮುಟ್ಟುವುದು ಎಲ್ಲಾದರೂ ಉಂಟೇ ಎಂದು ಇಂದ್ರಮ್ಮ ಗದರಿದರು. ವಾಗೀಶ ಸರ್‌ಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಪ್ರಸನ್ನ, ಇದು ನಿಮ್ಮ ಐದನೇ ಅಧ್ಯಾಯಕ್ಕೆ ಬಹಳ ಒಳ್ಳೆಯ ಉದಾಹರಣೆ, ಅಡಿಟಿಪ್ಪಣಿಯಲ್ಲಿ ಸೇರಿಸಿ" ಎಂದು ಫೋನ್ ಇಟ್ಟರು. ಭಾನುವಾರವೆಲ್ಲ ಮೂರು ಅಡಿ ದೂರದ ಎರಡು ಬಾಗಿಲುಗಳ ನಡುವೆ ರಾಯಭಾರಿಯಾಗಿ ಓಡಾಡಿದೆ. ಬೆಂಚು ಎರಡು ಬೆರಳು ಹಿಂದೆ ಹೋದರೆ ಗೆರೆ ಅರ್ಧ ಅಳಿಸಬಹುದೇ ಎಂದು ಕೇಳಿದೆ. ಮೊದಲು ಬೆಂಚೋ ಮೊದಲು ಗೆರೆಯೋ ಎಂಬಲ್ಲಿ ಮಾತು ನಿಂತಿತು. ಎರಡೂ ಒಟ್ಟಿಗೆ ಎಂದೆ. ಒಟ್ಟಿಗೆ ಎಂದು ಎಣಿಸುವವರು ಯಾರು ಎಂದರು. ನಾನು ಎಂದೆ. ನಾನು ಎದುರಿನವರ ಕಡೆಯವನು ಎಂದು ಇಬ್ಬರೂ ಹೇಳಿದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಹೊಸ ಉಪಾಯ ಯಾವುದೂ ಇರಲಿಲ್ಲ. ಜಗಲಿಯ ಮೇಲೆ ಸರಿಯಾಗಿ ಬಿಳಿ ಗೆರೆಯ ಮೇಲೆ ಕೂತುಬಿಟ್ಟೆ. ಎಡಕ್ಕೆ ಒಂದು ಬಾಗಿಲು, ಬಲಕ್ಕೆ ಒಂದು ಬಾಗಿಲು, ಎರಡರಲ್ಲೂ ಒಬ್ಬೊಬ್ಬರು ನಿಂತು ರಸ್ತೆ ನೋಡುತ್ತಿದ್ದರು.

"ಏಳೂವರೆ ವರ್ಷ" ಎಂದೆ. ಯಾರಿಗೆ ಹೇಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. "ಪ್ರಪಂಚದ ಯುದ್ಧಗಳನ್ನೆಲ್ಲ ಬಿಡಿಸಿ ಬರೆದೆ. ನಿಮ್ಮಿಬ್ಬರ ಕೈಯಲ್ಲಿ ಒಂದು ಮಾತು ಆಡಿಸೋಕೆ ಆಗಲಿಲ್ಲ. ಆ ಪುಸ್ತಕ ಹೊಲಿದೇ ಇದ್ದರೆ ಒಳ್ಳೆಯದೇ. ಅದರಲ್ಲಿ ಏನೂ ಇಲ್ಲ."

ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಮೂವತ್ತೆಂಟು ವರ್ಷದ ಗಂಡಸು ಹಾಡಹಗಲು ಜಯಲಕ್ಷ್ಮಿಪುರಂನ ರಸ್ತೆಗೆ ಮುಖ ಮಾಡಿ ಅಳುವುದು ಚೆಂದದ ದೃಶ್ಯವಲ್ಲ. ಹಾಲಿನವನೊಬ್ಬ ಸೈಕಲ್ ನಿಲ್ಲಿಸಿ ನೋಡಿದ. ಹೊಡೆದರಾ ಎಂದು ಕೇಳಿದ.

ಮಂಟಯ್ಯನವರು ತಮ್ಮ ದಬ್ಬಳದ ಕಡೆ ನೋಡುತ್ತಾ, ಅದಕ್ಕೇ ಹೇಳುವವರಂತೆ ಹೇಳಿದರು. "ನನ್ನ ದಬ್ಬಳ ನಾನು ಮುಟ್ಟಂಗಿಲ್ಲ. ಪೂಜೆ ಮಾಡಿದ ಇನ್ನೊಂದು ಕೈ ಬಂದು ಮುಟ್ಟಿದ್ರೆ ನಾನೇನು ಮಾಡಕ್ಕಾಯ್ತದೆ?"

ಇಂದ್ರಮ್ಮನವರು ತಮ್ಮ ಪ್ರಿಂಟರಿನ ಕಡೆ ನೋಡಿದರು. "ರಜಾ ಇರೋದು ಆಳಿಗೆ, ಆಯುಧಕ್ಕಲ್ಲ ಅಂತ ನಮ್ಮತ್ತೆ ಹೇಳ್ತಿದ್ರು." ಅವರ ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ, ಸಾಕ್ಷಿ ಹೇಳಲು ಬರುವ ಹಾಗಿರಲಿಲ್ಲ.

ಹಾಗಾದರೆ ನಾನೂ ಮುಟ್ಟಬಹುದಲ್ಲ ಎಂದೆ.

"ನೀವೇನು ಪೂಜೆ ಮಾಡಿದ್ದೀರಿ ಸಾ?" ಎಂದರು ಮಂಟಯ್ಯನವರು. ನಾನು ಏನೂ ಮಾಡಿರಲಿಲ್ಲ. ನನ್ನ ಹತ್ತಿರ ಆಯುಧವೇ ಇರಲಿಲ್ಲ.

ಇಬ್ಬರೂ ಒಟ್ಟಿಗೆ ಜಗಲಿಗೆ ಇಳಿದರು, ಒಬ್ಬರ ಮುಖ ಒಬ್ಬರು ನೋಡದೆ ಪಕ್ಕ ಪಕ್ಕದಲ್ಲೇ ದಾಟಿ, ಅವರ ಅಂಗಡಿಗೆ ಇವರು, ಇವರ ಅಂಗಡಿಗೆ ಅವರು ಹೋದರು. ನನ್ನ ಮುನ್ನೂರ ಹನ್ನೆರಡು ಪುಟದಲ್ಲಿ ಎಲ್ಲೂ ಇಲ್ಲದ ನಡೆ ಇದು. ಎರಡು ದೇಶಗಳು ತಮ್ಮ ಬಾಂಬನ್ನು ಬಿಟ್ಟುಕೊಡುವುದಿಲ್ಲ ಎಂದು ಹಟ ಹಿಡಿದು, ಕೊನೆಗೆ ಒಬ್ಬರ ಮನೆಗೆ ಒಬ್ಬರು ಕಾವಲಿಗೆ ಹೋಗುವುದನ್ನು ಯಾವ ಪಂಡಿತನೂ ಊಹಿಸಿಲ್ಲ.

ಮಂಟಯ್ಯನವರು ಕೈ ತೊಳೆದುಕೊಂಡು ಬಂದು ಕಂಪ್ಯೂಟರ್ ಮುಂದೆ ಕೂತರು. ಇಂದ್ರಮ್ಮನವರು ವಾಪಸು ಬಂದು ಬಾಗಿಲಲ್ಲಿ ನಿಂತು, ಎರಡು ತಿಂಗಳ ಮೇಲೆ ಮೊದಲ ಸಲ ನೇರವಾಗಿ ಅವರಿಗೇ ಹೇಳಿದರು. "ಆ ದುಂಡನೆ ಗುಂಡಿ ಒತ್ತಿ. ಅದಲ್ಲ. ಅದು ಫ್ಯಾನಿಂದು."

ಪರದೆ ಬೆಳಗಿತು. ಪ್ರಬಂಧ ತೆರೆಯಿತು. ಮೊದಲ ಪುಟ ಕೃತಜ್ಞತೆ. ಈಗ ಪ್ರಿಂಟ್ ಒತ್ತಬೇಕಿತ್ತು. ಮಂಟಯ್ಯನವರು ಒತ್ತಲಿಲ್ಲ. ಬೆರಳನ್ನು ಪರದೆಯ ಮೇಲಿಟ್ಟು, ಮೇಲಿಂದ ಕೆಳಗಿನವರೆಗೆ, ಒಂದೊಂದೇ ಸಾಲು ಓದತೊಡಗಿದರು. ನಾನು ಗಡಿಯಾರ ನೋಡಿದೆ.

"ಪುಟ ಪೂರ್ತಿ ಓದಲ್ಲ ಅಂದಿದ್ರಿ" ಎಂದೆ.

"ಇದೊಂದು ಪುಟ ಓದ್ತೀನಿ ಸಾ. ಎಲ್ಲಾ ಪುಸ್ತಕದ್ದೂ ಓದಿದ್ದೀನಿ." ಅವರು ಬೆರಳು ಇಳಿಸುತ್ತಾ ಹೋದರು. "ಗುರುಗಳು ಅವ್ರೆ. ನಿಮ್ಮ ತಾಯೋರು ಅವ್ರೆ. ಗ್ರಂಥಾಲಯದೋರು. ಕ್ಯಾಂಟೀನಲ್ಲಿ ಕಾಫಿ ಕೊಟ್ಟ ಮಾಧವ. ಅಂದವಾಗಿ ಬೆರಳಚ್ಚು ಮಾಡಿದ ಇಂದ್ರಮ್ಮನೋರು." ಬೆರಳು ಪುಟದ ಕೊನೆಗೆ ಬಂತು. "ಮೂರು ಸಾವಿರ ಪುಸ್ತಕದಲ್ಲೂ ಇಲ್ಲಿಗೇ ಮುಗಿತದೆ ಸಾ."

ನನಗೆ ನಾಚಿಕೆಯಾಯಿತು. ನಾನು ಮಾತ್ರವಲ್ಲ, ಮೂರು ಸಾವಿರ ಜನರೂ ಮರೆತಿದ್ದೆವು. ಕೃತಜ್ಞತೆ ಬರೆಯುವುದು ಟೈಪ್ ಮಾಡಿಸುವಾಗ, ಆಗ ಪುಸ್ತಕ ಇನ್ನೂ ಮಂಟಯ್ಯನವರ ಕೈಗೆ ಬಂದಿರುವುದಿಲ್ಲ. ಅವರ ಕೈಗೆ ಬರುವ ಹೊತ್ತಿಗೆ ಎಲ್ಲರಿಗೂ ವಂದನೆ ಹೇಳಿ ಮುಗಿದಿರುತ್ತದೆ. ಬೆಂಚೂ ನೆಪ, ನಾಲ್ಕು ಬೆರಳೂ ನೆಪ. ಎರಡೂ ಕಡೆಯವರು ಯಾವ ಹೊತ್ತಿಗೆ ಯಾವ ನಡೆ ನಡೆಯುತ್ತಾರೆ ಎಂದು ಕೋಷ್ಟಕ ಹಾಕಿದ್ದೆ, ಇವರಿಗೆ ಏನು ನೋವು ಎಂದು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಲ್ಲಿದ್ದ ಇಂದ್ರಮ್ಮನವರ ಮುಖ ಸಣ್ಣದಾಗಿತ್ತು. "ಒಂದು ಮಾತು ಹೇಳಬಾರದಿತ್ತಾ? ಟೈಪ್ ಮಾಡೋಳು ನಾನೇ ಅಲ್ವಾ. ನಾನೇ ಒಂದು ಸಾಲು ಸೇರಿಸ್ತಿದ್ದೆ."

"ಕೇಳಿ ಹಾಕಿಸ್ಕಂಡ್ರೆ ಅದೆಂಥ ಕೃತಜ್ಞತೆ ಇಂದ್ರಮ್ಮನೋರೇ?"

ಈಗಲೇ ಸೇರಿಸಿ, ಬೈಂಡಿಂಗ್ ಮಾಡಿದ ಶ್ರೀ ಮಂಟಯ್ಯನವರಿಗೆ ಎಂದು ಹಾಕಿ ಎಂದೆ. ಅವರು ತಲೆ ಅಲ್ಲಾಡಿಸಿದರು. "ಈ ಪುಸ್ತಕಕ್ಕೆ ನಾನು ದಬ್ಬಳ ಮುಟ್ಟಿಲ್ಲ. ಸುಳ್ಳು ಬರೀಬ್ಯಾಡಿ ಸಾ." ಆಮೇಲೆ ಒಂದೇ ಬೆರಳಿನಲ್ಲಿ, ಇಂದ್ರಮ್ಮನವರು ಹಿಂದಿನಿಂದ ಅಕ್ಷರ ತೋರಿಸುತ್ತಿರಲು, ಹದಿನೇಳು ನಿಮಿಷ ತೆಗೆದುಕೊಂಡು ತಾವೇ ಕುಟ್ಟಿದರು: ಈ ಪುಸ್ತಕವನ್ನು ಹೊಲಿದವರು ಇಂದ್ರಮ್ಮ. ಅಚ್ಚು ತೆಗೆದವರು ಮಂಟಯ್ಯ.

ಅವರ ಹೆಸರು ಒಂದು ಪ್ರಬಂಧದೊಳಗೆ ಬಂತು, ಅದೂ ಅವರದಲ್ಲದ ಕೆಲಸಕ್ಕೆ. ಪರದೆಯಲ್ಲಿ ಅದನ್ನು ಎರಡು ಸಲ ಓದಿ ಪ್ರಿಂಟ್ ಒತ್ತಿದರು. ನಿಂಬೆಹಣ್ಣು ತೆಗೆಯುವುದು ಮರೆತಿತ್ತು. ಪ್ರಿಂಟರ್ ಮೊದಲ ಹಾಳೆಯನ್ನು ನಿಂಬೆಹಣ್ಣಿನ ಜೊತೆ ಉಗುಳಿತು.

ಹನ್ನೊಂದೂವರೆಗೆ ಹೊಲಿಗೆ ಶುರುವಾಯಿತು. ಮಂಟಯ್ಯನವರು ಆಸೆಗೆ ಬಿದ್ದು ದಬ್ಬಳ ಹಿಡಿದುಬಿಟ್ಟೇನು ಎಂದು ತಮ್ಮ ಕೈಗಳನ್ನು ತಾವೇ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ಮ್ಯಾಲಿಂದ ಚುಚ್ಚಿ. ಈಗ ಕೆಳಗಿಂದ. ನೂಲು ಎಳೀರಿ. ಎಳೀರಿ ಕಣಮ್ಮ, ಹೂ ಕಟ್ತಾ ಇಲ್ಲ ನೀವು." ಇಂದ್ರಮ್ಮನವರು ಮೂರು ಸಲ ಬೆರಳು ಚುಚ್ಚಿಕೊಂಡರು. ಇಪ್ಪತ್ತೆರಡು ವರ್ಷ ಗೋಡೆಯಾಚೆ ಇದೇ ಕೆಲಸ ನಡೆಯುತ್ತಿದ್ದರೂ ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ ಎಂದರು. ಇಷ್ಟೇ ಹೊತ್ತಿನಲ್ಲಿ ನನ್ನ ಕಣ್ಣು ಉರಿ ಬಂದುಬುಡ್ತು, ನೀವು ದಿನವೆಲ್ಲ ಎಂಗೆ ಆ ಪರದೆ ನೋಡ್ತೀರಿ ಎಂದು ಮಂಟಯ್ಯನವರೂ ಕೇಳಿದರು. ಮೊದಲ ಪ್ರತಿಯ ಬೆನ್ನು ಓರೆಯಾಯಿತು. ಎರಡನೆಯದು ಇನ್ನೂ ಓರೆಯಾಯಿತು. ಮೂರನೆಯದನ್ನು ಕಂಡಾಗ ಮಂಟಯ್ಯನವರು ಗೋಡೆಯ ಕಡೆ ತಿರುಗಿ ನಿಂತು, ಉಳಿದದ್ದನ್ನು ಕಣ್ಣು ಮುಚ್ಚಿಯೇ ಹೇಳಿಕೊಟ್ಟರು.

ಅಂಟು ಒಣಗಲು ಒಂದು ದಿನ ಬೇಕು, ನಮಗಿದ್ದದ್ದು ಒಂದು ಗಂಟೆ. ನಾಲ್ಕೂ ಪುಸ್ತಕಗಳನ್ನು ಜಗಲಿಯ ನಡುವೆ ಸಾಲಾಗಿ ಇಟ್ಟು, ಮೇಲೆ ಹಲಗೆ ಹಾಕಿ, ಹಲಗೆಯ ಮೇಲೆ ಮೂವರೂ ಒತ್ತಿಕೊಂಡು ಕೂತೆವು. ತೂಕ ಸಾಲದೆಂದು ಮಂಟಯ್ಯನವರು ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ಕರೆದು ಕೂರಿಸಿಕೊಂಡರು. ಮೂರೂ ಮುಕ್ಕಾಲಿಗೆ ನಾನು ಕಚೇರಿಯ ಕಿಟಕಿಯಲ್ಲಿದ್ದೆ. ಗುಮಾಸ್ತರು ಪ್ರತಿಗಳನ್ನು ಮುಟ್ಟಿ, ಬೆರಳು ಮೂಸಿ ನೋಡಿ, ಸೀಲು ಹೊಡೆದರು.

ಆದರೂ ಪದವಿ ಇನ್ನೂ ಕೈಗೆ ಬಂದಿರಲಿಲ್ಲ. ಐದು ತಿಂಗಳ ಮೇಲೆ ಮೌಖಿಕ ಪರೀಕ್ಷೆ. ಅದಕ್ಕೆ ಯಾರು ಬೇಕಾದರೂ ಬಂದು ಕೂರಬಹುದು, ಸಾಮಾನ್ಯವಾಗಿ ಕೊನೆಯಲ್ಲಿ ಕೊಡುವ ಬೋಂಡಾಕ್ಕೆ ಬರುತ್ತಾರೆ. ಮಂಟಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಇಂದ್ರಮ್ಮನವರು ರೇಷ್ಮೆ ಸೀರೆ ಉಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಮುಖ ಗಂಟಿಕ್ಕಿಕೊಂಡೇ ಇದ್ದರು. ಶಾಂತಿಯ ಅಧ್ಯಾಯ ಬಹಳ ಬಡವಾಗಿದೆ ಎಂದರು. ಹೌದು ಎಂದೆ, ಇನ್ನೇನು ಹೇಳಲಿ. ಯಾವ ಪುಟ ಎಂದು ತೋರಿಸಲು ಪುಸ್ತಕ ಬಿಡಿಸಿದರು. ಬೆನ್ನು ಕರಕರ ಎಂದಿತು. ನಲವತ್ತು ಹಾಳೆ ಬಿಚ್ಚಿಕೊಂಡು ಮೇಜಿನ ಮೇಲಿಂದ ಜಾರಿ ನೆಲಕ್ಕೆ ಬಿದ್ದವು.

ಪರೀಕ್ಷಕರು ಉಳಿದ ಪುಸ್ತಕವನ್ನು ಎತ್ತಿ ಹಿಡಿದರು. "ಏನ್ರೀ ಇದು? ಒಂದು ಪ್ರಬಂಧವನ್ನು ನೆಟ್ಟಗೆ ಕಟ್ಟಿಸೋ ಶ್ರದ್ಧೆ ಇಲ್ಲದವರು ಒಳಗೆ ಏನು ಬರೆದಿರ್ತೀರಿ?" ಮೊದಲ ಪುಟಗಳನ್ನು ತಿರುವಿದರು. "ಹೊಲಿದವರು ಇಂದ್ರಮ್ಮ ಅಂತೆ. ಯಾರು ಈ ಇಂದ್ರಮ್ಮ?"

ಇಂದ್ರಮ್ಮನವರು ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಂಟಯ್ಯನವರು ಎದ್ದು ನಿಂತಿದ್ದರು.

"ನೀವು ಯಾರು?"

"ಮಂಟಯ್ಯ ಅಂತ ಸಾ. ಅದೇ ಪುಟದಲ್ಲಿ ಇದೀನಿ, ಕೊನೇ ಸಾಲು." ಅವರು ನಿಧಾನವಾಗಿ ಮುಂದಕ್ಕೆ ಬಂದು, ಬಗ್ಗಿ, ಬಿದ್ದ ಹಾಳೆಗಳನ್ನು ಆರಿಸಿ, ಅಂಚು ಓದಿ ಜೋಡಿಸಿ ಮೇಜಿನ ಮೇಲಿಟ್ಟರು. "ನಲವತ್ತೊಂದು ವರ್ಷದಿಂದ ಬೈಂಡಿಂಗ್ ನೋಡ್ತಾ ಇವ್ನಿ. ಇದ್ರಲ್ಲಿ ಒಂದು ನೂಲೂ ತಪ್ಪಿಲ್ಲ ಸಾ. ನೀವು ತೆಗೆದಿದ್ದು ಜೋರಾಯ್ತು."

ಪರೀಕ್ಷಕರು ಅವರ ಮುಖ ನೋಡಿದರು, ಕನ್ನಡಕ ಸರಿಮಾಡಿಕೊಂಡರು, ಆಮೇಲೆ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತೆರೆದರು.